ಯಾವ ಗೋಡೆ?

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳು. ನನ್ನ ಟಿಪ್ಪಣಿ ಮತ್ತು ರೆಕಾರ್ಡಿಂಗ್ ಎರಡನ್ನೂ ನೋಡಿಕೊಂಡು ಬರೆದಿದ್ದೇನೆ.)

ನನ್ನ ಕೈಯಲ್ಲಿರುವ ಈ ಟೇಪು ನೋಡಿ. ದರ್ಜಿಗಳು ಕುತ್ತಿಗೆಗೆ ಹಾಕಿಕೊಂಡಿರುತ್ತಾರಲ್ಲ, ಅದೇ. ಇಪ್ಪತ್ತಾರು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಎಷ್ಟೋ ಮೆಷಿನ್ ಬಂದವು, ಹೋದವು. ಈ ಟೇಪು ಮಾತ್ರ ನನ್ನ ಚೀಲದಲ್ಲೇ ಇದೆ.

ಮಂಡಿ ನೋವು ಅಂತ ಯಾರಾದರೂ ಬಂದರೆ ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಗುರುತು ಹಾಕಿ, ತೊಡೆಯ ಸುತ್ತಳತೆ ತೆಗೆಯುತ್ತೇನೆ. ಎರಡೂ ಕಾಲಿಗೆ. ನೋವಿರುವ ಕಾಲು ಸಾಮಾನ್ಯವಾಗಿ ಸ್ವಲ್ಪ ಸಣ್ಣಗಿರುತ್ತದೆ. ಯಾಕೆಂದರೆ ನಮಗೆ ಗೊತ್ತಿಲ್ಲದೆಯೇ ಆ ಕಾಲಿನ ಮೇಲೆ ಭಾರ ಹಾಕುವುದನ್ನು ಬಿಟ್ಟಿರುತ್ತೇವೆ. ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಅದು ಸೊರಗಿದಷ್ಟೂ ಮಂಡಿಗೆ ಆಸರೆ ಕಡಿಮೆ, ನೋವು ಜಾಸ್ತಿ. ಇದನ್ನು ಸರಿಪಡಿಸುವ ಮೊದಲನೇ ವ್ಯಾಯಾಮ ಎಷ್ಟು ಸುಲಭ ಅಂದ್ರೆ, ಮಲಗಿಕೊಂಡೇ ಮಾಡಬಹುದು. ಟವೆಲ್ಲನ್ನು ಸುರುಳಿ ಸುತ್ತಿ ಮಂಡಿ ಕೆಳಗೆ ಇಟ್ಟುಕೊಳ್ಳಿ. ಟವೆಲ್ ಅಮುಕುವ ಹಾಗೆ ಮಂಡಿಯನ್ನು ಕೆಳಕ್ಕೆ ಒತ್ತಿ. ಐದು ಎಣಿಸಿ. ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು.

ಎರಡು ತಿಂಗಳು ಬಿಟ್ಟು ಮತ್ತೆ ಬರುತ್ತಾರೆ. "ಮಾಡ್ತಿದ್ದೀರಾ ಅಮ್ಮಾ?" ಅಂತ ಕೇಳುತ್ತೇನೆ. "ಮಾಡ್ತಿದೀನಿ ಮೇಡಂ." "ಎಲ್ಲಿ, ತೋರಿಸಿ." ಅಚ್ಚುಕಟ್ಟಾಗಿ ತೋರಿಸುತ್ತಾರೆ. ಎಣಿಕೆ ಸರಿ, ಉಸಿರು ಸರಿ, ಎಲ್ಲ ಸರಿ. ಟೇಪು ಹಾಕಿದರೆ ಅಳತೆ ಹೋದ ಸಲದ್ದೇ. ಅವರೂ ಟೇಪು ನೋಡುತ್ತಾರೆ, ನಾನೂ ನೋಡುತ್ತೇನೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಆ ಮೌನದ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದೆ.

ಶುರುವಿನಲ್ಲಿ, ಅಂದರೆ ನನಗೆ ಇಪ್ಪತ್ತೆಂಟು ಮೂವತ್ತು ವಯಸ್ಸಿದ್ದಾಗ, ಇವರಿಗೆ ವಿಷಯ ಸರಿಯಾಗಿ ಅರ್ಥವಾಗಿಲ್ಲ ಅಂದುಕೊಳ್ಳುತ್ತಿದ್ದೆ. ಮತ್ತೆ ವಿವರಿಸುತ್ತಿದ್ದೆ. ಪ್ಲಾಸ್ಟಿಕ್ ಮೂಳೆ ತಂದು ತೋರಿಸುತ್ತಿದ್ದೆ. ಚಿತ್ರ ಬರೆದು ಕೊಡುತ್ತಿದ್ದೆ. ಒಮ್ಮೆ ನಿವೃತ್ತ ಅಧ್ಯಾಪಕರೊಬ್ಬರು ನನ್ನ ಮಾತನ್ನು ಅರ್ಧಕ್ಕೇ ತಡೆದು, ಮಂಡಿಯ ಮೃದ್ವಸ್ಥಿ ಹೇಗೆ ಸವೆಯುತ್ತದೆ, ಸ್ನಾಯು ಹೇಗೆ ಅದರ ಭಾರ ಇಳಿಸುತ್ತದೆ ಅಂತ ನನಗೇ ಚೆನ್ನಾಗಿ ವಿವರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಗೊತ್ತಿಲ್ಲ ಅಂತಲ್ಲಮ್ಮ. ಆಗ್ತಾ ಇಲ್ಲ."

ನಮ್ಮಲ್ಲಿ ಒಂದು ಗಾದೆ ಇದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಒಂದು ಹೇಳಿ ಇನ್ನೊಂದು ಮಾಡುವವರನ್ನು ಚುಚ್ಚುವ ಮಾತು ಅದು. ನಾನು ನೋಡಿದ ಸಾವಿರಾರು ಜನರಲ್ಲಿ ಬಹುತೇಕರಿಗೆ ಈ ಗಾದೆ ಒಪ್ಪುವುದಿಲ್ಲ. ಅವರು ಯಾರಿಗೂ ಪುರಾಣ ಹೇಳುತ್ತಿಲ್ಲ. ತಮಗೆ ಒಳ್ಳೆಯದು ಯಾವುದು ಅಂತ ಗೊತ್ತು, ಮಾಡಬೇಕು ಅಂತ ಆಸೆಯೂ ಇದೆ, ಆದರೆ ಆ ಗೊತ್ತಿರುವುದು ಕೈಕಾಲಿನವರೆಗೆ ಇಳಿದು ಬರುತ್ತಿಲ್ಲ. ಇದು ಕಪಟ ಅಲ್ಲ. ಇದಕ್ಕೆ ಬೈಗುಳ ಮದ್ದೂ ಅಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ. ನನಗೇ ಆಯಿತು.

ನನಗೆ ಆಗ 47. ಎಡ ಭುಜ ಹಿಡಿದುಕೊಂಡಿತು. ಮೊದಲು ರಾತ್ರಿ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ. ಆಮೇಲೆ ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ. ಮೇಲಿನ ಶೆಲ್ಫಿನಿಂದ ಉದ್ದಿನಬೇಳೆ ಡಬ್ಬ ತೆಗೆಯಲು ಮಗಳನ್ನು ಕರೆಯುವ ಹಾಗಾಯಿತು. ಫ್ರೋಜನ್ ಶೋಲ್ಡರ್ ಅನ್ನುತ್ತಾರೆ. 40ರಿಂದ 60ರ ನಡುವೆ ಜಾಸ್ತಿ, ಅದರಲ್ಲೂ ಹೆಂಗಸರಿಗೆ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಜಾಸ್ತಿ. ಕೀಲಿನ ಸುತ್ತ ಇರುವ ಚೀಲದಂಥ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಇದಕ್ಕೆ ಏನು ಮಾಡಬೇಕು ಅಂತ ಇಪ್ಪತ್ತು ವರ್ಷ ಜನರಿಗೆ ಕಲಿಸಿದ್ದೆ. ಮುಂದಕ್ಕೆ ಬಾಗಿ ಕೈಯನ್ನು ಗಂಟೆಯ ಲೋಲಕದ ಹಾಗೆ ತೂಗಬೇಕು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಕೈಯನ್ನು ಮೇಲಕ್ಕೆ ಹತ್ತಿಸಬೇಕು.

ನಾಲ್ಕು ತಿಂಗಳು ನಾನು ಮಾಡಲಿಲ್ಲ.

ಬೆಳಿಗ್ಗೆ ಎದ್ದಾಗ "ಇವತ್ತು ಮಾಡಲೇಬೇಕು" ಅನ್ನಿಸುತ್ತಿತ್ತು. ತಿಂಡಿ, ಡಬ್ಬಿ, ಬಸ್ಸು. ಸರಿ, ಮಧ್ಯಾಹ್ನ. ಮಧ್ಯಾಹ್ನ ರೋಗಿಗಳು. ಸರಿ, ಸಂಜೆ. ಸಂಜೆ ಮನೆಗೆ ಬಂದು ಕೂತರೆ ಏಳಲು ಮನಸ್ಸಿಲ್ಲ. ಹೀಗೆ ದಿನಕ್ಕೆ ಹತ್ತು ಸಲ "ಈಗ ಮಾಡಲೋ, ಆಮೇಲೆ ಮಾಡಲೋ" ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಹತ್ತು ಸಲವೂ "ಆಮೇಲೆ" ಗೆಲ್ಲುತ್ತಿತ್ತು. ಅದರ ಜೊತೆಗೆ ನಾಚಿಕೆ ಬೇರೆ. ಬೆಳಿಗ್ಗೆ ಹತ್ತಕ್ಕೆ ಬೇರೆಯವರಿಗೆ "ದಿನಾ ಮಾಡಿ, ತಪ್ಪಿಸಬೇಡಿ" ಅನ್ನುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತಿತ್ತು. ನಾಚಿಕೆ ಆದರೆ ಮನುಷ್ಯ ಕೆಲಸ ಶುರು ಮಾಡುತ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ನನಗೆ ಆದದ್ದು ಬೇರೆ. ನಾಚಿಕೆ ಜಾಸ್ತಿ ಆದಷ್ಟೂ ಆ ಭುಜದ ಯೋಚನೆಯನ್ನೇ ದೂರ ತಳ್ಳುತ್ತಿದ್ದೆ.

ನನಗಿಂತ ಹಿರಿಯ ಸಹೋದ್ಯೋಗಿ ಒಬ್ಬರಿದ್ದರು. ಅಕ್ಕ ಅಂತ ಕರೆಯುತ್ತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ, ಧೈರ್ಯದ ಮಾತೂ ಹೇಳಲಿಲ್ಲ. ಮೊಸರನ್ನ ಕಲಸುತ್ತಾ ಒಂದೇ ಪ್ರಶ್ನೆ ಕೇಳಿದರು. "ಯಾವ ಗೋಡೆ?"

"ಅಂದ್ರೆ ಅಕ್ಕಾ?"

"ಬೆರಳಲ್ಲಿ ಗೋಡೆ ಹತ್ತಿಸಬೇಕು ತಾನೇ? ನಿಮ್ಮನೇಲಿ ಯಾವ ಗೋಡೆ ಹತ್ತಿಸ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯನ್ನು ಕಣ್ಣ ಮುಂದೆ ತಂದುಕೊಂಡು ನೋಡಿದೆ. ಹಾಲ್‌ನಲ್ಲಿ ಒಂದು ಗೋಡೆಗೆ ಟಿವಿ, ಇನ್ನೊಂದಕ್ಕೆ ಸೋಫಾ, ಮತ್ತೊಂದಕ್ಕೆ ಚಪ್ಪಲಿ ಸ್ಟ್ಯಾಂಡು ಮತ್ತು ಕ್ಯಾಲೆಂಡರು. ಬೆಡ್‌ರೂಮಿನಲ್ಲಿ ಬೀರು. ನಾಲ್ಕು ತಿಂಗಳಿಂದ "ಮಾಡಬೇಕು, ಮಾಡಬೇಕು" ಅಂದುಕೊಂಡಿದ್ದ ಕೆಲಸಕ್ಕೆ ನಮ್ಮ ಮನೆಯಲ್ಲಿ ಜಾಗವನ್ನೇ ಕೊಟ್ಟಿರಲಿಲ್ಲ. ಸಂಜೆ ಹೋಗಿ ಹುಡುಕಿದೆ. ಬಚ್ಚಲುಮನೆ ಬಾಗಿಲಿಗೂ ವಾಷಿಂಗ್ ಮೆಷಿನ್‌ಗೂ ನಡುವೆ ಒಂದೂವರೆ ಅಡಿ ಗೋಡೆ ಖಾಲಿ ಇತ್ತು. ಮಾರನೇ ದಿನ ಅಕ್ಕನಿಗೆ ಹೇಳಿದೆ. ಅವರ ಮುಂದಿನ ಪ್ರಶ್ನೆ, "ಯಾವಾಗ?" ನಾನು "ಬೆಳಿಗ್ಗೆ" ಅಂದೆ. "ಬೆಳಿಗ್ಗೆ ಅಂದ್ರೆ ಮೂರು ಗಂಟೆ ಹೊತ್ತು ಇರುತ್ತೆ. ಏನು ಆದ ಮೇಲೆ?" ಬಿಸಿನೀರಿನ ನಲ್ಲಿ ತಿರುಗಿಸಿ ಬಕೆಟ್ ತುಂಬುವವರೆಗೆ ನಾನು ಹೇಗೂ ಅಲ್ಲೇ ನಿಂತಿರುತ್ತೇನೆ. ಹಾಗಾದರೆ ಬಕೆಟ್ ತುಂಬುವಷ್ಟು ಹೊತ್ತು.

ಟವೆಲ್ ಹಾಕುವ ಮೊಳೆಗೆ ದಾರ ಕಟ್ಟಿ ಒಂದು ಪೆನ್ಸಿಲ್ ತೂಗುಹಾಕಿದೆ. ಬೆರಳು ಎಲ್ಲಿಯವರೆಗೆ ಹೋಯಿತೋ ಅಲ್ಲೊಂದು ಗೆರೆ, ಪಕ್ಕದಲ್ಲಿ ತಾರೀಖು. ಮೊದಲನೇ ಗೆರೆ ನನ್ನ ಗದ್ದದ ಮಟ್ಟಕ್ಕಿತ್ತು. ವಾರವಿಡೀ ಗೆರೆಗಳು ಒಂದರ ಮೇಲೊಂದು ಕೂತವು, ಸುಣ್ಣದ ಗೋಡೆ ಮೇಲೆ ಇರುವೆ ಸಾಲಿನ ಹಾಗೆ. ಎರಡನೇ ವಾರ ಒಂದು ಬೆರಳಿನಷ್ಟು ಮೇಲೆ ಹೋಯಿತು. ಕೈ ಪೂರ್ತಿ ಮೇಲೆ ಹೋಗಲು ಒಂದು ವರ್ಷದ ಮೇಲೇ ಹಿಡಿಯಿತು. ಈ ಕಾಯಿಲೆ ನಿಧಾನವಾಗಿ ತಾನೇ ಸಡಿಲವಾಗುವುದೂ ಉಂಟು. ಹಾಗಾಗಿ ಎಲ್ಲವೂ ವ್ಯಾಯಾಮದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ನಾಲ್ಕು ತಿಂಗಳು ಮಾಡಲಾಗದ ಕೆಲಸ ಒಂದು ಗೋಡೆ ಗೊತ್ತಾದ ಮಾರನೇ ದಿನದಿಂದ ಶುರುವಾಯಿತು. ನಾನು ನಿಮಗೆ ಹೇಳಬೇಕಾದದ್ದು ಅಷ್ಟು.

ಆಮೇಲೆ ಈ ಬಗ್ಗೆ ಓದಲು ಶುರು ಮಾಡಿದೆ. ಅಕ್ಕ ಕೇಳಿದ ಪ್ರಶ್ನೆಯನ್ನು ಬಹಳ ಹಿಂದೆಯೇ ಬೇರೆಯವರು ಪರೀಕ್ಷೆ ಮಾಡಿ ನೋಡಿದ್ದರು. 1965ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಹೋವರ್ಡ್ ಲೆವೆಂಥಾಲ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಒಂದು ಕಿರುಪುಸ್ತಕ ಕೊಟ್ಟರು. ಕೆಲವರದ್ದರಲ್ಲಿ ಹೆದರಿಕೆ ಹುಟ್ಟಿಸುವಂಥ ವಿವರಗಳು ಜಾಸ್ತಿ ಇದ್ದವು. ಓದಿದವರು ಹೆದರಿದರು, ಇಂಜೆಕ್ಷನ್ ತೆಗೆದುಕೊಳ್ಳುವುದು ಒಳ್ಳೆಯದು ಅಂತ ಒಪ್ಪಿದರು. ಹೋಗಿ ತೆಗೆದುಕೊಂಡವರು ನೂರಕ್ಕೆ 3 ಮಂದಿ. ಇನ್ನೊಂದು ಗುಂಪಿಗೆ ಅದೇ ಕಿರುಪುಸ್ತಕದ ಜೊತೆ ಕ್ಯಾಂಪಸ್ಸಿನ ನಕ್ಷೆ ಕೊಟ್ಟರು. ಆರೋಗ್ಯ ಕೇಂದ್ರಕ್ಕೆ ಅದರಲ್ಲಿ ಗುರುತು ಹಾಕಿದ್ದರು. ನಿಮ್ಮ ವಾರದ ತರಗತಿಗಳನ್ನು ನೋಡಿಕೊಂಡು ಯಾವಾಗ ಹೋಗಬಹುದು ಅಂತ ಯೋಚಿಸಿ ಅಂದರು. ಆ ಗುಂಪಿನಲ್ಲಿ ನೂರಕ್ಕೆ ಸುಮಾರು 28 ಮಂದಿ ಹೋದರು.

ಅವರೆಲ್ಲ ಕೊನೆಯ ವರ್ಷದ ವಿದ್ಯಾರ್ಥಿಗಳು. ಆರೋಗ್ಯ ಕೇಂದ್ರ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತಾ? ನನಗೂ ನನ್ನ ಮನೆಯ ಗೋಡೆಗಳು ಗೊತ್ತಿದ್ದವು. ಗೊತ್ತಿರುವ ಜಾಗವನ್ನೇ ಈ ಕೆಲಸಕ್ಕೆ ಅಂತ ಬೆರಳಿಟ್ಟು ತೋರಿಸಬೇಕಾಯಿತು.

ಪೀಟರ್ ಗೋಲ್ವಿಟ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಗಂಟು ಹಾಕಿಡುವುದು, ಅಷ್ಟೇ. 1999ರ ಒಂದು ಲೇಖನದಲ್ಲಿ ಅವರು ಹೇಳುವ ಪ್ರಯೋಗ ಇದು: ಕ್ರಿಸ್‌ಮಸ್ ಹಿಂದಿನ ದಿನ ಹೇಗೆ ಕಳೆಯಿತು ಅಂತ ಎರಡು ದಿನದೊಳಗೆ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಎಲ್ಲಿ ಕೂತು, ಯಾವಾಗ ಬರೆಯುತ್ತೇನೆ ಅಂತ ಮೊದಲೇ ನಿರ್ಧರಿಸಿದವರಲ್ಲಿ ಮುಕ್ಕಾಲು ಪಾಲು ಬರೆದು ಕಳಿಸಿದರು. ಉಳಿದವರಲ್ಲಿ ಮೂರನೇ ಒಂದು ಪಾಲು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮ ಅಜ್ಜಿ ಸಂಜೆ ಆರೂವರೆ ಅನ್ನುತ್ತಿರಲಿಲ್ಲ. "ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದುಬಿಡು" ಅನ್ನುತ್ತಿದ್ದರು. ದನ ಬರೋ ಹೊತ್ತು, ಹಾಲು ಕರೆಯೋ ಹೊತ್ತು, ಹೊತ್ತು ಮುಳುಗೋ ಹೊತ್ತು. ನಮ್ಮ ಮಾತಿನಲ್ಲಿ ಹೊತ್ತಿಗೆ ಕೆಲಸದ ಹೆಸರೇ ಇತ್ತು. ಆ ಹೊತ್ತು ಬಂತು ಅಂದರೆ ಏನು ಮಾಡಬೇಕು ಅನ್ನುವುದು ಅದರ ಜೊತೆಗೇ ಬರುತ್ತಿತ್ತು. ಅಜ್ಜಿ ಒಂದು ದಿನವೂ "ಇವತ್ತು ದೀಪ ಹಚ್ಚಲೋ ಬೇಡವೋ" ಅಂತ ಕೂತು ಯೋಚಿಸಿದ್ದನ್ನು ನಾನು ನೋಡಿಲ್ಲ. ಅವರಿಗೆ ಮನಸ್ಸಿನ ಬಲ ನಮಗಿಂತ ಜಾಸ್ತಿ ಇತ್ತು ಅಂತಲ್ಲ. ಆ ತೀರ್ಮಾನ ಎಂದೋ ಆಗಿಹೋಗಿತ್ತು. ಶಿಸ್ತು ಅಂದರೆ ನನಗೆ ಈಗ ಅದೇ ಕಣ್ಣಿಗೆ ಬರುತ್ತದೆ. ಗಡಿಯಾರದ ಆರೂವರೆಗೆ ಆ ಗುಣ ಇಲ್ಲ. ಅದು ಬರೀ ಆರೂವರೆ.

ಅದಕ್ಕೇ ನಾನು ಈಗ ಯಾರಿಗೂ "ದಿನಕ್ಕೆ ಮೂರು ಹೊತ್ತು" ಅಂತ ಬರೆದುಕೊಡುವುದಿಲ್ಲ. ಕೂರಿಸಿಕೊಂಡು ಅವರ ಮನೆಯ ಬೆಳಗನ್ನು ಕೇಳುತ್ತೇನೆ. ಮೊದಲು ಎದ್ದು ಏನು ಮಾಡುತ್ತೀರಿ? ಆಮೇಲೆ? ಅದಾದ ಮೇಲೆ? ಹನುಮಂತನಗರದಿಂದ ಬರುವ ಒಬ್ಬ ತಾಯಿ ಇದ್ದಾರೆ, ಎಪ್ಪತ್ತರ ಹತ್ತಿರ. ಬೆಳಿಗ್ಗೆ ಮೊದಲ ಕೆಲಸ ನಂದಿನಿ ಹಾಲು ಕಾಯಿಸುವುದು. ಹಾಲು ಒಲೆ ಮೇಲೆ ಇದ್ದರೆ ಬಿಟ್ಟು ಹೋಗುವ ಹಾಗಿಲ್ಲ ಅಲ್ವಾ, ಉಕ್ಕಿ ಕಟ್ಟೆಯೆಲ್ಲ ಹರಿಯುತ್ತದೆ. ಅವರಿಗೆ ಹೇಳಿದೆ: ಪಾತ್ರೆ ಇಟ್ಟು ಸ್ಟೌ ಹಚ್ಚಿದ ತಕ್ಷಣ ಅಡುಗೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಿ. ಹಾಲಿನ ಅಂಚಿನಲ್ಲಿ ನೊರೆ ಕಾಣುವವರೆಗೆ. ಸುಸ್ತಾದರೆ ನಿಂತು ಮತ್ತೆ ಮಾಡಿ. ಎಣಿಸುವ ಗೋಜೇ ಬೇಡ. ಮಂಡಿ ವ್ಯಾಯಾಮಕ್ಕೆ ಕುಕ್ಕರ್. ಬೇಳೆ ಇಟ್ಟು ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೀಟಿ ಹಿಡಿಯುವುದು, ಮೂರನೇ ವಿಸಿಲ್ ಕೂಗುವವರೆಗೆ. ಮೂರು ತಿಂಗಳಾದ ಮೇಲೆ ಟೇಪು ಹಾಕಿದೆ. ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಆ ತಾಯಿ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ಅಳೆದರು. ಆ ಮುಖ ನಾನು ಮರೆಯುವುದಿಲ್ಲ.

ಅಡುಗೆಮನೆ ಇಲ್ಲದವರು ಏನು ಮಾಡಬೇಕು? ಕುತ್ತಿಗೆ ನೋವಿನ ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸ, ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಓಡಾಟ. ಫೋನಿನಲ್ಲಿ ದಿನಕ್ಕೆ ಐದು ಅಲಾರಂ ಇಟ್ಟಿದ್ದ. ಐದನ್ನೂ ಬೆರಳಲ್ಲಿ ಸರಿಸಿ ಮೀಟಿಂಗ್ ಮುಂದುವರಿಸುತ್ತಿದ್ದ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಅವನು ಮೆಟ್ರೋದಲ್ಲಿ ಓಡಾಡಲು ಶುರು ಮಾಡಿದ. ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಲ್ದಾಣ. ಪ್ರತಿ ನಿಲ್ದಾಣದಲ್ಲೂ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದಾಗಲೆಲ್ಲ ಗದ್ದವನ್ನು ಹಿಂದಕ್ಕೆ ಎಳೆದು ಐದು ಎಣಿಸು ಅಂದೆ. ಅಲಾರಂ ಅವನಿದ್ದ ಕೆಲಸವನ್ನು ತಡೆಯುತ್ತಿತ್ತು. ಬಾಗಿಲು ಏನನ್ನೂ ತಡೆಯುವುದಿಲ್ಲ, ಆಗ ಅವನು ಹೇಗೂ ಸುಮ್ನೆ ನಿಂತಿರುತ್ತಾನೆ.

ಇನ್ನೊಂದು ಮಾತು, ಇದು ನಮ್ಮ ಊರಿನವರಿಗೆಲ್ಲ ಚೆನ್ನಾಗಿ ಗೊತ್ತಿರುವುದು. 2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತಿದ್ದೆವು. ನೀರು ಉಳಿಸಬೇಕು ಅಂತ ಅದಕ್ಕೂ ಮುಂಚೆ ನಮಗೆ ಗೊತ್ತಿರಲಿಲ್ವಾ? ಸ್ಕೂಲಿನಲ್ಲೇ ಪ್ರಬಂಧ ಬರೆದಿದ್ದೇವೆ. ಆದರೂ ಹಲ್ಲುಜ್ಜುವಾಗ ನಲ್ಲಿ ತಿರುಗಿಸಿಯೇ ಇರುತ್ತಿತ್ತು. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು. ನಲ್ಲಿಗಳಿಗೆ ಏರೇಟರ್ ಹಾಕಿಸಿ ಅಂತಲೂ ಹೇಳಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಕಿಸಿದರು. ಬೆರಳ ತುದಿಯಷ್ಟು ಜಾಲರಿ. ಒಮ್ಮೆ ತಿರುಗಿಸಿ ಕೂರಿಸಿದರೆ ಮುಗಿಯಿತು, ನಾವು ಮರೆತಿದ್ದರೂ ನೀರು ಕಡಿಮೆಯೇ ಬರುತ್ತದೆ. ದಂಡದ ಹೆದರಿಕೆ ಮಳೆ ಬಂದ ಮೇಲೆ ಹೋಯಿತು. ಏರೇಟರ್ ಇನ್ನೂ ಇದೆ. ಹಾಗಾಗಿ ನಿಮ್ಮನ್ನು ಕೇಳುತ್ತೇನೆ: ಮನಸ್ಸು ಗಟ್ಟಿ ಇರುವ ಒಂದು ದಿನ ಸಿಕ್ಕಿದರೆ, ಅವತ್ತು ಎರಡು ಗಂಟೆ ವ್ಯಾಯಾಮ ಮಾಡಬೇಡಿ. ಮುಂದಿನ ಕೆಟ್ಟ ದಿನಕ್ಕೆ ಬೇಕಾದ್ದನ್ನು ಹೊಂದಿಸಿಡಿ. ಗೋಡೆ ಖಾಲಿ ಮಾಡಿ. ಮೊಳೆ ಹೊಡೆದು ಪೆನ್ಸಿಲ್ ಕಟ್ಟಿ. ಟವೆಲ್ಲನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ದಿಂಬಿನ ಪಕ್ಕ ಇಡಿ.

ಆರಂಭ ಶೂರತ್ವ ನಮಗೆಲ್ಲ ಗೊತ್ತು. ಜನವರಿ ಮೊದಲ ವಾರ ಲಾಲ್‌ಬಾಗಿಗೆ ಹೋಗಿ ನೋಡಿ, ಎಷ್ಟು ಹೊಸ ಶೂಗಳು! ಶುರು ಮಾಡುವಾಗ ನಾವು ನಮ್ಮ ಒಳ್ಳೆಯ ದಿನದ ಅಳತೆ ಇಟ್ಟುಕೊಳ್ಳುತ್ತೇವೆ. ಜ್ವರ ಬಂದು ಬಿಟ್ಟ ದಿನ, ಮನೆಗೆ ನೆಂಟರು ಬಂದ ದಿನ, ಮಗು ರಾತ್ರಿಯಿಡೀ ಅತ್ತ ದಿನ, ಅವತ್ತಿಗೂ ಆಗುವಷ್ಟು ಇಟ್ಟುಕೊಳ್ಳಿ. ಜಾಸ್ತಿ ಮಾಡುವ ದಿನ ತಾನಾಗಿ ಬರುತ್ತದೆ.

ಎಷ್ಟು ದಿನ ಹೀಗೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. 21 ದಿನ ಅನ್ನುವ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದನ್ನು ನಂಬಿ 22ನೇ ದಿನ ಸುಲಭ ಆಗಲಿಲ್ಲ ಅಂತ ಬಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಯವರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ತಾವೇ ಆರಿಸಿಕೊಂಡ ಒಂದು ಸಣ್ಣ ಕೆಲಸ, ದಿನಾ ಒಂದೇ ಹೊತ್ತಿಗೆ. ಅವರ ಲೆಕ್ಕದ ಪ್ರಕಾರ ಅದು ತಾನಾಗಿ ಆಗುವ ಹಾಗಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವಿನ ಅಂದಾಜು 66. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇದಕ್ಕಿಂತ ದೊಡ್ಡದು: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ.

ನನ್ನ ಗೋಡೆಯಲ್ಲೂ ತಾರೀಖು ತಪ್ಪಿದ ಕಡೆ ಇವೆ. ಅಪ್ಪ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಒಂದೂ ಗೆರೆ ಇಲ್ಲ. ಹತ್ತನೇ ದಿನ ಗೋಡೆ ಮುಂದೆ ನಿಂತಾಗ ಕೈ ಎರಡು ಬೆರಳಿನಷ್ಟು ಕೆಳಗೆ ಇಳಿದಿತ್ತು. ಅಲ್ಲೇ ಗೆರೆ ಹಾಕಿದೆ. ಹಳೆಯ ಸ್ವಭಾವ ಆಗಿದ್ದರೆ "ಎಲ್ಲ ಹಾಳಾಯಿತು" ಅಂತ ಪೆನ್ಸಿಲ್ ಬಿಚ್ಚಿಡುತ್ತಿದ್ದೆ. ನನ್ನ ಅನುಭವದಲ್ಲಿ ಜನ ಬಿಡುವುದು ತಪ್ಪಿದ ದಿನ ಅಲ್ಲ, ಅದರ ಮಾರನೇ ದಿನ, ತಮ್ಮನ್ನು ತಾವು ಬೈದುಕೊಂಡು ಮುಗಿಸಿದ ಮೇಲೆ.

ಇದೆಲ್ಲ ಹೇಳುವಾಗ ಒಬ್ಬರ ನೆನಪು ಬರುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳು. ಸೊಂಟ ನೋವು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮನೆಗೆಲಸ, ದಿನವಿಡೀ ಮೆಷಿನ್ ಮುಂದೆ, ರಾತ್ರಿ ಹಾಸಿಗೆ ಹಿಡಿದ ಅತ್ತೆಯ ಆರೈಕೆ. ಅವಳ ಬೆಳಗನ್ನು ಕೇಳುತ್ತಾ ಕೇಳುತ್ತಾ ನನ್ನ ಪೆನ್ನು ನಿಂತಿತು. ಗಂಟು ಹಾಕಲು ಒಂದು ಖಾಲಿ ನಿಮಿಷ ಸಿಗಲಿಲ್ಲ. ಅವಳಿಗೆ ಶಿಸ್ತಿನ ಪಾಠ ಹೇಳಲು ನಾನು ಯಾರು? ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬಾ ಅಂದೆ. ಬಂದರು. ರಾತ್ರಿ ಅಮ್ಮನಿಗೆ ಊಟ ಮಾಡಿಸುವುದು ನಿಮ್ಮ ಕೆಲಸ, ಆ ಹದಿನೈದು ನಿಮಿಷ ಇವರದ್ದು ಅಂತ ಇಬ್ಬರ ಮುಂದೆಯೇ ಚೀಟಿಯಲ್ಲಿ ಬರೆದೆ. ಸೋಮಾರಿ ಅನ್ನುವ ಪದವನ್ನು ಬಳಸುವ ಮುಂಚೆ ಆ ಮನುಷ್ಯರ ದಿನ ಹೇಗಿದೆ ಅಂತ ಕೇಳಿ. ಮನೆಯಲ್ಲಿ ಯಾರಾದರೂ ಗೊತ್ತಿದ್ದೂ ಮಾಡುತ್ತಿಲ್ಲ ಅಂತ ನಿಮಗೆ ಸಿಟ್ಟಿದ್ದರೆ, ಅವರ ಯಾವ ಕೆಲಸವನ್ನು ನೀವು ತೆಗೆದುಕೊಳ್ಳಬಹುದು ಅಂತಲೂ ನೋಡಿ.

ಕುರ್ಚಿಗಳ ಮೇಲೆ ಒಂದೊಂದು ಚೀಟಿ ಇಟ್ಟಿದ್ದೇನೆ. ನೀವು ಬಹಳ ದಿನದಿಂದ ಮಾಡಬೇಕು ಅಂದುಕೊಂಡಿರುವ ಒಂದೇ ಒಂದು ಕೆಲಸ ಅದರಲ್ಲಿ ಬರೆಯಿರಿ. ವ್ಯಾಯಾಮವೇ ಆಗಬೇಕು ಅಂತಿಲ್ಲ, ಅಣ್ಣನಿಗೆ ಫೋನ್ ಮಾಡುವುದಿರಬಹುದು, ಬ್ಯಾಂಕಿನಲ್ಲಿ ನಾಮಿನಿ ಹೆಸರು ಸೇರಿಸುವುದಿರಬಹುದು. ಅದರ ಕೆಳಗೆ, ಏನು ಆದ ಮೇಲೆ, ಯಾವ ಜಾಗದಲ್ಲಿ. "ಬೆಳಿಗ್ಗೆ" ಅಂತ ಬರೆದರೆ ನಾನು ಒಪ್ಪುವುದಿಲ್ಲ. ಪೆನ್ನು ಇಲ್ಲದವರಿಗೆ ಮೇಜಿನ ಮೇಲೆ ಇವೆ. ಬರೆದಾದ ಮೇಲೆ ಪಕ್ಕದವರಿಗೆ ಓದಿ ಹೇಳಿ. ಅವರು ನಿಮ್ಮನ್ನು ಒಂದೇ ಪ್ರಶ್ನೆ ಕೇಳಲಿ, ಯಾವುದು ಅಂತ ನಿಮಗೆ ಗೊತ್ತಲ್ಲ. ನಾನು ಈ ಕಡೆಯ ಸಾಲಿನಿಂದ ನೋಡುತ್ತಾ ಬರುತ್ತೇನೆ.